ತೈವಾನಿನ ರಾಷ್ಟ್ರೀಯ ಆರೋಗ್ಯ ವಿಮೆ: ಮಿತವ್ಯಯ ಮತ್ತು ದಕ್ಷತೆ

ಆರೋಗ್ಯ ವಿಮೆಯ ದಕ್ಷತೆಯನ್ನು ಆಡಳಿತ ವೆಚ್ಚದಿಂದ ಅಳೆಯುವ ರೂಢಿ ವ್ಯಾಪಕವಾಗಿದ್ದು, ಈ ಅಳತೆಯಲ್ಲಿ ತೈವಾನಿನ ವ್ಯವಸ್ಥೆ ನಿರಂತರ ಪ್ರಶಂಸೆಗೆ ಪಾತ್ರವಾಗಿದೆ. 1995ರ ಮಾರ್ಚ್ 1ರಂದು ಜಾರಿಗೆ ಬಂದ ಅಲ್ಲಿನ ರಾಷ್ಟ್ರೀಯ ಆರೋಗ್ಯ ವಿಮೆಯು ಕಾರ್ಮಿಕರು, ಸರ್ಕಾರಿ ನೌಕರರು ಮತ್ತು ರೈತರಿಗೆಂದು ಪ್ರತ್ಯೇಕವಾಗಿದ್ದ ವೈದ್ಯಕೀಯ ಸೌಲಭ್ಯಗಳನ್ನು ಒಂದುಗೂಡಿಸಿ, ಯಾವ ವಿಮೆಯೂ ಇಲ್ಲದಿದ್ದ ಶೇ. 40ರಷ್ಟು ಜನರನ್ನೂ ಒಳಗೊಳ್ಳಲು ಹೊರಟಿತು, ಇಂದು ಶೇ. 99ಕ್ಕೂ ಹೆಚ್ಚು ಜನ ಅದರ ವ್ಯಾಪ್ತಿಯಲ್ಲಿದ್ದಾರೆ. ವಿಮಾ ಕಂತು ಸಂಗ್ರಹಿಸುವುದೂ ಆಸ್ಪತ್ರೆಗಳಿಗೆ ಹಣ ಸಂದಾಯ ಮಾಡುವುದೂ ಒಂದೇ ಸರ್ಕಾರಿ ಸಂಸ್ಥೆಯ ಹೊಣೆಯಾಗಿರುವ ಈ ಮಾದರಿಯನ್ನು ಏಕ ಪಾವತಿದಾರ ವ್ಯವಸ್ಥೆ ಎನ್ನುತ್ತಾರೆ. ದರಪಟ್ಟಿ ಏಕರೂಪವಾಗಿರುವುದರಿಂದಲೂ 2004ರಿಂದ ಪ್ರತಿಯೊಬ್ಬ ವಿಮಾದಾರರಿಗೆ ಚಿಪ್ ಅಳವಡಿಸಿದ ಕಾರ್ಡ್ ಬಳಕೆಗೆ ಬಂದಿರುವುದರಿಂದಲೂ ಆಡಳಿತ ವೆಚ್ಚ ಒಟ್ಟು ವೆಚ್ಚದ ಶೇ. 2ನ್ನೂ ಮುಟ್ಟುವುದಿಲ್ಲ.

ಆದರೆ ಚಿಕಿತ್ಸಾ ವೆಚ್ಚವನ್ನು ಹಿಡಿತದಲ್ಲಿಟ್ಟಿರುವುದು ಮುಖ್ಯವಾಗಿ ಬೇರೊಂದು ಉಪಾಯ. 1998ರಲ್ಲಿ ದಂತ ಚಿಕಿತ್ಸೆಯಿಂದ ಆರಂಭವಾಗಿ 2002ರಲ್ಲಿ ಆಸ್ಪತ್ರೆಗಳಿಗೂ ವಿಸ್ತರಿಸಿದ ಸಮಗ್ರ ಆಯವ್ಯಯ ಪದ್ಧತಿಯಲ್ಲಿ ವರ್ಷದ ಒಟ್ಟು ಮೊತ್ತವನ್ನು ಮುಂಚಿತವಾಗಿಯೇ ನಿಗದಿಪಡಿಸಲಾಗುತ್ತದೆ. ಪ್ರತಿ ಸೇವೆಗೂ ಇಂತಿಷ್ಟು ಅಂಕಗಳಿದ್ದು, ನಿಗದಿತ ಮೊತ್ತವನ್ನು ಒಟ್ಟು ಅಂಕಗಳಿಂದ ಭಾಗಿಸಿದಾಗ ಒಂದು ಅಂಕದ ಬೆಲೆ ದೊರೆಯುತ್ತದೆ. ಎಲ್ಲರೂ ಹೆಚ್ಚು ಸೇವೆ ನೀಡಿದಷ್ಟೂ ಆ ಬೆಲೆ ಒಂದು ತೈವಾನ್ ಡಾಲರಿಗಿಂತ ಕೆಳಗಿಳಿಯುತ್ತದೆ. ವಿಮಾ ಸಂಸ್ಥೆಯ ಖರ್ಚು ಇದರಿಂದ ಮಿತಿಯಲ್ಲಿ ಉಳಿಯುತ್ತದೆಯಾದರೂ, ಇಳಿದ ಬೆಲೆಯ ನಷ್ಟವನ್ನು ತುಂಬಿಕೊಳ್ಳಲು ಪ್ರತಿಯೊಬ್ಬ ವೈದ್ಯರೂ ಇನ್ನಷ್ಟು ರೋಗಿಗಳನ್ನು ನೋಡಬೇಕಾಗಿ ಬರುವುದರಿಂದ ಅಂಕಗಳ ಮೊತ್ತ ಮತ್ತೆ ಏರಿ ಬೆಲೆ ಮತ್ತೆ ಕುಸಿಯುತ್ತದೆ. ಅಲ್ಲಿನ ಪ್ರಜೆಯೊಬ್ಬರು ವರ್ಷಕ್ಕೆ ಸರಾಸರಿ ಹನ್ನೆರಡಕ್ಕೂ ಹೆಚ್ಚು ಬಾರಿ ಹೊರರೋಗಿಯಾಗಿ ವೈದ್ಯರನ್ನು ಕಾಣುತ್ತಿದ್ದು, ಪ್ರತಿ ಭೇಟಿಗೆ ದೊರೆಯುವ ಸಮಯ ಅನೇಕ ವೇಳೆ ಕೆಲವೇ ನಿಮಿಷಗಳು. ತಜ್ಞರನ್ನು ಕಾಣಲು ಕುಟುಂಬ ವೈದ್ಯರ ಶಿಫಾರಸು ಕಡ್ಡಾಯವಲ್ಲದಿರುವುದೂ ಈ ದಟ್ಟಣೆಗೆ ಕಾರಣವಾಗಿದೆ, ಆದರೆ ಇದೇ ಸ್ವಾತಂತ್ರ್ಯವನ್ನು ಜನ ಬಹುವಾಗಿ ಮೆಚ್ಚುತ್ತಾರೆಂಬುದನ್ನೂ ಮರೆಯುವಂತಿಲ್ಲ.

ಸಾರ್ವತ್ರಿಕ ವ್ಯಾಪ್ತಿಯನ್ನು ಇಷ್ಟು ಮಿತವ್ಯಯದಲ್ಲಿ ಸಾಧಿಸಿದ್ದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೂ ವೈದ್ಯರ ದಣಿವು, ದಾದಿಯರ ಕೊರತೆ, ರೋಗಿಯ ಮಾತು ಕೇಳಲು ಇಲ್ಲದ ಬಿಡುವು ಇವು ಯಾವುವೂ ಆಡಳಿತ ವೆಚ್ಚದ ಅಂಕಿಯಲ್ಲಿ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ, ವಿಮಾ ವ್ಯವಸ್ಥೆಗಳನ್ನು ಹೋಲಿಸುವ ಅಧ್ಯಯನಗಳು ಪ್ರತಿ ಭೇಟಿಯ ಅವಧಿಯನ್ನೂ ದಕ್ಷತೆಯ ಅಳತೆಗೋಲುಗಳಲ್ಲಿ ಸೇರಿಸಿಕೊಳ್ಳಬೇಕು.