ಎರಡನೇ ಗೇರಿನ ಹಲ್ಲು

2024ರ ಮಾರ್ಚಿನಲ್ಲಿ ಊರಿಗೆ ಹೋದಾಗ ಅಪ್ಪನ ಪಿಕಪ್ಪಿನೊಳಗೆ ಸೈಕಲ್ ಟ್ಯೂಬಿನ ತುಂಡೊಂದು ಕಂಡಿತು. ಒಂದು ತುದಿಯನ್ನು ಸೀಟಿನ ಕೆಳಗಿನ ಕಬ್ಬಿಣಕ್ಕೆ ಗಂಟು ಹಾಕಿತ್ತು, ಇನ್ನೊಂದು ತುದಿಯಲ್ಲಿ ಕುಣಿಕೆ. ಎರಡನೇ ಗೇರು ಹಾಕಿದ ಕೂಡಲೇ ಅಪ್ಪ ಕುಣಿಕೆಯನ್ನು ಗೇರಿನ ದಂಡಿಗೆ ಸಿಕ್ಕಿಸುತ್ತಿದ್ದ. ಸಿಕ್ಕಿಸದಿದ್ದರೆ, ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ದಂಡಿ ಜಿಗಿದು ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಹಿಂದೆ ಭಾರವಿದ್ದು ಇಳಿಜಾರಿನಲ್ಲಿ ಹೀಗಾದರೆ ಎಂಜಿನ್ನಿನ ಹಿಡಿತ ತಪ್ಪಿ, ಮುಂದಿನದೆಲ್ಲ ಬ್ರೇಕಿನ ಮೇಲೆ.

"ಯಾವಾಗಿಂದ ಹಿಂಗೈತಿ?" ಎಂದೆ.

"ದೀಪಾವಳಿಯಿಂದ. ಹಂಗಾಮ ಮುಗೀಲಿ ಅಂತ ಬಿಟ್ಟೇನಿ."

ಹಂಗಾಮು ಎಂದರೆ ಒಣದ್ರಾಕ್ಷಿಯದು. ವಿಜಯಪುರದಿಂದ ಅಥಣಿಗೆ ಹೋಗುವ ರಸ್ತೆಯಲ್ಲಿ ತೊರವಿ ದಾಟಿದ ಮೇಲೆ ಸಿಗುವ ತಿಕೋಟಾ ಈಚೆಗೆ ತಾಲೂಕು ಕೇಂದ್ರವಾಗಿದ್ದರೂ ಹೊರಗಿನವರಿಗೆ ಪರಿಚಯವಿರುವುದು ದ್ರಾಕ್ಷಿಯಿಂದಲೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೊನೆ ಕತ್ತರಿಸಿ, ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಎರಡು ವಾರ ನೆರಳಲ್ಲಿ ಒಣಗಿಸುತ್ತೇವೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ನಮ್ಮದು ಜತ್ ದಾಟಿ ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಹೋಗುತ್ತದೆ. ತೋಟದಿಂದ ಶೆಡ್ಡಿಗೆ, ಶೆಡ್ಡಿನಿಂದ ಪೇಟೆಗೆ ಗಾಡಿ ಬೇಕೇ ಬೇಕು. ಹೀಗಾಗಿ ಟ್ಯೂಬು.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ಹತ್ತಿ ಜಿನ್ನುಗಳ ಚರಿತ್ರೆ. ಅರಳೆಯಿಂದ ಬೀಜ ಬೇರ್ಪಡಿಸುವ ಹಳೆಯ ಕೈರಾಟೆಯಲ್ಲಿ ಎರಡು ಕಟ್ಟಿಗೆಯ ಉರುಳೆಗಳಿರುತ್ತವೆ. ಒಂದನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗುವಂತೆ ತುದಿಯಲ್ಲಿ ತಿರುಪಿನಂಥ ಹಲ್ಲು ಕೆತ್ತಿರುತ್ತಾರೆ. ಈ ತಿರುಪುಹಲ್ಲಿನ ಜಿನ್ನು ಭಾರತದಲ್ಲೇ ಹುಟ್ಟಿದ್ದು ಎಂಬ ವಾದವನ್ನು ಇರ್ಫಾನ್ ಹಬೀಬರನ್ನು ಓದಿದವರು ಬಲ್ಲರು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ತೋಟಗಾರರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿ ಬೆಳೆಸಿದಾಗ ಅದರ ಜೊತೆ ಗರಗಸದ ಹಲ್ಲಿನ ಜಿನ್ನೂ ಬಂತು. ಗರಗಸ ಎಂದಮೇಲೆ ಹಲ್ಲು ಸವೆಯುತ್ತದೆ, ಬಾಗುತ್ತದೆ. ಬಾಗಿದ ಹಲ್ಲು ಬೀಜ ಬಿಡಿಸುವ ಬದಲು ಎಳೆಯನ್ನೇ ಕತ್ತರಿಸುತ್ತದೆ. ಕೊನೆಗೆ ಜಿನ್ನು ತಯಾರಿಸಲು ಮತ್ತು ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರವೇ ಒಂದು ಕಾರ್ಖಾನೆ ನಡೆಸಬೇಕಾಯಿತು. ನನ್ನ ಪ್ರಬಂಧದ ಎರಡು ಅಧ್ಯಾಯ ಈ ರಿಪೇರಿಯ ಮೇಲಿದೆ. ಡೇವಿಡ್ ಎಡ್ಗರ್ಟನ್ 'ದಿ ಶಾಕ್ ಆಫ್ ದಿ ಓಲ್ಡ್'ನಲ್ಲಿ ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರದ ಕಡೆಯಿಂದ ಬರೆಯುವುದನ್ನು ಬಿಟ್ಟು ಬಳಕೆಯ ಕಡೆಯಿಂದ ಬರೆಯಿರಿ ಎನ್ನುತ್ತಾರೆ. ಈ ಮಾತನ್ನು ನಾನು ಮೂರು ಸೆಮಿನಾರುಗಳಲ್ಲಿ ಹೇಳಿದ್ದೇನೆ. ಮನೆಯ ಗಾಡಿ ಟ್ಯೂಬಿನ ಮೇಲೆ ಓಡುತ್ತಿದ್ದದ್ದು ಮಾತ್ರ ಗೊತ್ತಿರಲಿಲ್ಲ.

ಗೇರೆಂದರೆ ಏನು ಎಂಬುದಕ್ಕೆ ನಮ್ಮ ವಿಜಯಪುರದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದರು; ತೂಕ ಸುಮಾರು 55 ಟನ್. 1632ರಲ್ಲಿ ಅದನ್ನು ಪರಾಂಡ ಕೋಟೆಯಿಂದ ಎಳೆದು ತಂದಾಗ 400 ಎತ್ತು, 10 ಆನೆ ಕಟ್ಟಿದ್ದರೆಂದು ಹೇಳುತ್ತಾರೆ. ಭಾರ ಹೆಚ್ಚಿದರೆ ಎತ್ತು ಹೆಚ್ಚಿಸು ಎಂಬುದು ಆ ಲೆಕ್ಕ. ಎಂಜಿನ್ನಿಗೆ ಎತ್ತು ಹೆಚ್ಚಿಸಲು ಬರುವುದಿಲ್ಲ, ಇದ್ದಷ್ಟೇ ಬಲ. ಸಣ್ಣ ಚಕ್ರದಿಂದ ದೊಡ್ಡ ಚಕ್ರವನ್ನು ತಿರುಗಿಸಿದರೆ ವೇಗ ಇಳಿದು, ಅಷ್ಟೇ ಪಟ್ಟು ಎಳೆತ ಏರುತ್ತದೆ. ಪಿಕಪ್ಪಿನ ಒಂದನೇ ಗೇರಿನಲ್ಲಿ ಎಂಜಿನ್ ಸರಿಸುಮಾರು ನಾಲ್ಕು ಸುತ್ತು ಹಾಕಿದರೆ ಹಿಂದಕ್ಕೆ ಹೋಗುವ ದಂಡು ಒಂದು ಸುತ್ತು ಹಾಕುತ್ತದೆ. ಸಾವಕಾಶ ಹೋಗಲು ಒಪ್ಪಿಕೊಂಡವನಿಗೆ ಶಕ್ತಿ ಸಿಗುತ್ತದೆ.

ಫ್ರಾನ್ಸಿನ ಎಮಿಲ್ ಲೆವಸ್ಸೋರ್ 1891ರ ಪನಾರ್ ಕಾರಿನಲ್ಲಿ ಜಾರುವ ಗೇರು ಕೂರಿಸಿದಾಗ ತಿರುಗುವ ಚಕ್ರವನ್ನು ತಿರುಗುವ ಚಕ್ರಕ್ಕೆ ನೇರ ತಳ್ಳುವುದೇ ಉಪಾಯವಾಗಿತ್ತು. ವೇಗ ಹೊಂದದಿದ್ದರೆ ಕರ್‍ರ್ ಎಂದು ಹಲ್ಲು ಉಜ್ಜುತ್ತಿತ್ತು. ಇದನ್ನು ತಪ್ಪಿಸಲೆಂದೇ ಡ್ರೈವರುಗಳು ಡಬಲ್ ಕ್ಲಚ್ ಕಲಿತರು: ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಬಿಟ್ಟು ಸ್ವಲ್ಪ ರೇಸ್ ಮಾಡಿ, ಮತ್ತೆ ಒತ್ತಿ ಕೆಳಗಿನ ಗೇರು ಹಾಕುವುದು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅರ್ಲ್ ಥಾಂಪ್ಸನ್ನನ ಸಿಂಕ್ರೊಮೆಶ್ ಬಂತು. ಹಲ್ಲು ಕೂಡುವ ಮೊದಲು ಎರಡೂ ಭಾಗಗಳು ಉಜ್ಜಿಕೊಂಡು ವೇಗ ಸಮ ಮಾಡಿಕೊಳ್ಳುವ ಏರ್ಪಾಡು ಅದು. ನಮ್ಮ ಗಾಡಿಗಳಲ್ಲಿ ಆ ಕೆಲಸಕ್ಕೆ ಹಿತ್ತಾಳೆಯ ಬಳೆ ಇರುತ್ತದೆ. 1940ರ ದಶಕದ ಕೊನೆಗೆ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಲ್ಲಿ ಎರಡು ಮತ್ತು ಮೂರನೇ ಗೇರಿಗಷ್ಟೇ ಈ ಸೌಕರ್ಯವಿತ್ತು, ಒಂದನೆಯದಕ್ಕಿರಲಿಲ್ಲ. ಹಳೆಯ ಜೀಪು ಓಡಿಸಿದವರ ಕಾಲಿನಲ್ಲಿ ಡಬಲ್ ಕ್ಲಚ್ ಬಹಳ ವರ್ಷ ಉಳಿಯಿತು. ನಮ್ಮ ಗಾಡಿಯ ಹಿತ್ತಾಳೆ ಬಳೆ ಸವೆದ ಮೇಲೆ ಅಪ್ಪನೂ ಮೂರರಿಂದ ಎರಡಕ್ಕೆ ಬರುವಾಗ ಹಾಗೇ ಮಾಡುತ್ತಿದ್ದ. ಯಾರೂ ಕಲಿಸದೆ 1928ರ ಹಿಂದಕ್ಕೆ ಹೋಗಿದ್ದ.

ಎರಡು ದಿನ ವಾದ ಮಾಡಿ ವಿಜಯಪುರದ ಒಬ್ಬ ಮಿಸ್ತ್ರಿಯ ಹತ್ತಿರ ಕರೆದುಕೊಂಡು ಹೋದೆ. ಆತ ಮೊದಲು ನೋಡಿದ್ದು ಗೇರ್‌ಬಾಕ್ಸನ್ನಲ್ಲ, ಕ್ಲಚ್ಚನ್ನು. ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಕ್ಲಚ್ ಒತ್ತಿದರೂ ಎಲ್ಲವೂ, ಅದರಲ್ಲೂ ರಿವರ್ಸ್, ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಅಂಥದ್ದಕ್ಕೆ ಗೇರ್‌ಬಾಕ್ಸ್ ಬಿಚ್ಚಿಸಿ ಹಣ ಕಳೆದುಕೊಂಡವರು ಬಹಳ ಎಂದ. ನಮ್ಮದರಲ್ಲಿ ರಿವರ್ಸ್ ಸುಮ್ಮನೆ ಬಿತ್ತು, ಉಜ್ಜುತ್ತಿದ್ದದ್ದು ಎರಡನೆಯದೊಂದೇ. ಆಮೇಲೆ ಕೆಳಗಿನ ಬೋಲ್ಟು ತೆಗೆದು ಎಣ್ಣೆಯನ್ನು ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದ. ಅದರಲ್ಲಿ ಬಂಗಾರದ ಪುಡಿಯಂತೆ ಹಿತ್ತಾಳೆ ಮಿನುಗುತ್ತಿತ್ತು. ಅಪ್ಪ ಹಿಂದಿನ ಹೌಸಿಂಗಿಗೆ ಹಾಕುವ ಎಣ್ಣೆಯನ್ನೇ ಇದಕ್ಕೂ ಸುರಿಯುತ್ತಿದ್ದನಂತೆ. ಅದರೊಳಗಿನ ಗಂಧಕದ ಮಿಶ್ರಣ ಈ ಹಿತ್ತಾಳೆಗೆ ಆಗಿಬರುವುದಿಲ್ಲ ಎಂದು ಮಿಸ್ತ್ರಿ ಬೈದ. ಅಪ್ಪ ಸುಮ್ಮನೆ ಬೈಸಿಕೊಂಡ, ನನಗೆ ಅದೇ ಆಶ್ಚರ್ಯ.

ಮಧ್ಯಾಹ್ನದ ಹೊತ್ತಿಗೆ ಚಕ್ರಗಳೆಲ್ಲ ಗೋಣಿತಟ್ಟಿನ ಮೇಲೆ ಸಾಲಾಗಿ ಕೂತವು. ಸೀಮೆಎಣ್ಣೆಯಲ್ಲಿ ತೊಳೆದಿದ್ದರಿಂದ ಹಲ್ಲುಗಳು ಸ್ಪಷ್ಟ ಕಾಣುತ್ತಿದ್ದವು. ಎರಡನೇ ಗೇರಿನ ಪಕ್ಕದಲ್ಲಿ, ಸ್ಲೀವು ಬಂದು ಕಚ್ಚುವ ಸಣ್ಣ ಹಲ್ಲುಗಳಿಗೆ ಮೂಲೆಯೇ ಉಳಿದಿರಲಿಲ್ಲ. ತಿಂದ ಕಲ್ಲುಸಕ್ಕರೆಯಂತೆ ದುಂಡಗಾಗಿದ್ದವು. ದುಂಡಗಾದ ಹಲ್ಲನ್ನು ಎಷ್ಟು ಕೂಡಿಸಿದರೂ ಅದು ಜಾರಿಕೊಳ್ಳುತ್ತದೆ. ದೊಡ್ಡ ಹಲ್ಲುಗಳ ಮುಖದ ಮೇಲೆ ಸಿಡುಬಿನ ಕಲೆಯಂತೆ ಸಣ್ಣ ಕುಳಿಗಳು. ಪಕ್ಕದಲ್ಲೇ ಐದನೇ ಗೇರು ಹೊಸದರಂತೆ ಹೊಳೆಯುತ್ತಿತ್ತು. ಮಿಸ್ತ್ರಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ನನಗೆ ತೋರಿಸಿದ.

"ಇದು ರೋಡಿನ ಮ್ಯಾಲಿನ ಗಾಡಿ ಅಲ್ರಿ ಅಕ್ಕಾರ. ತಾಸಗಾಂವಕ್ಕ ಹೋಗಿ ಹಿಂಗ ಸವಿಯಂಗಿಲ್ಲ. ಇದು ನೀರ ಹೊತ್ತ ಗಾಡಿ."

ಪತ್ರಾಗಾರದಲ್ಲಿ ನಾನು ನಾಲ್ಕು ವರ್ಷ ಕಳೆದಿದ್ದೇನೆ. ಕಾಗದದ ಸವೆತ ನೋಡಿ ಅದು ಎಷ್ಟು ಕೈ ದಾಟಿತ್ತೆಂದು ಊಹಿಸಲು ಕಲಿತಿದ್ದೇನೆ. ಆದರೆ ಈತ ಓದಿದಷ್ಟು ನೇರವಾಗಿ ನಾನು ಯಾವುದನ್ನೂ ಓದಿಲ್ಲ. ಅಪ್ಪನ ಕಡೆ ನೋಡಿದೆ. ಅವನು ಚಹಾ ತರಿಸುವ ನೆಪದಲ್ಲಿ ಹೊರಗೆ ಹೋದ.

2016ರ ಬೇಸಿಗೆಯಲ್ಲಿ ಬೋರುಗಳೆಲ್ಲ ಬತ್ತಿದ್ದವು. ದ್ರಾಕ್ಷಿ ಜೋಳದಂತಲ್ಲ. ಜೋಳ ಒಂದು ವರ್ಷ ಹೋದರೆ ಒಂದು ವರ್ಷದ ಬೆಳೆ ಹೋಯಿತು. ಬಳ್ಳಿ ಒಣಗಿದರೆ ಚಪ್ಪರ, ಸಾಲ, ವರ್ಷಗಳ ಆರೈಕೆ ಎಲ್ಲ ಹೋದಂತೆ. ಹೀಗಾಗಿ ನಮ್ಮ ಭಾಗದಲ್ಲಿ ಟ್ಯಾಂಕರಿನಿಂದ ನೀರು ತಂದು ಬಳ್ಳಿಯ ಬುಡಕ್ಕೆ ಬಿಟ್ಟರು. ಅಪ್ಪ ಪಿಕಪ್ಪಿನ ಮೇಲೆ ಎರಡು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಕೂರಿಸಿದ್ದ. ಎರಡು ಸಾವಿರ ಲೀಟರೆಂದರೆ ಎರಡು ಟನ್. ನಮ್ಮ ಗಾಡಿಯ ಪುಸ್ತಕದಲ್ಲಿರುವುದು ಒಂದೂಕಾಲು. ಹೊಲದ ಎರೆಮಣ್ಣಿನ ದಾರಿಯಲ್ಲಿ ಆ ಭಾರಕ್ಕೆ ಮೂರನೇ ಗೇರು ಬೀಳುವುದೇ ಇಲ್ಲ. ಟ್ಯಾಂಕು ಅರ್ಧ ತುಂಬಿದ್ದರಂತೂ ಇನ್ನೂ ಕೆಡುಕು: ನೀರು ಮುಂದಕ್ಕೂ ಹಿಂದಕ್ಕೂ ಹೊಯ್ದಾಡುತ್ತ ಗಾಡಿಯನ್ನು ಒಮ್ಮೆ ನೂಕುತ್ತದೆ, ಒಮ್ಮೆ ಜಗ್ಗುತ್ತದೆ. ಆ ಪ್ರತಿಯೊಂದು ಹೊಯ್ದಾಟವೂ ಎರಡನೇ ಗೇರಿನ ಆ ಸಣ್ಣ ಹಲ್ಲುಗಳಿಗೆ ಬಡಿಯುತ್ತದೆ.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಪ್ಪ ಚಹಾ ಕುಡಿಯುತ್ತ, ನನಗಲ್ಲ, ಮಿಸ್ತ್ರಿಗೆ ಹೇಳಿದ. ನಮ್ಮ ತೋಟಕ್ಕೆ ಹಗಲು ಎರಡು ಟ್ರಿಪ್ಪು. ರಾತ್ರಿ ಬೇರೆಯವರ ತೋಟಗಳಿಗೆ ಬಾಡಿಗೆಗೆ ನಾಲ್ಕು, ಕೆಲವೊಮ್ಮೆ ಐದು. ಅಂಥ ಎರಡು ಬೇಸಿಗೆ. ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಮೆಸ್ಸಿನ ಬಿಲ್ಲು ಒಂದು ತಿಂಗಳೂ ತಡವಾಗಿರಲಿಲ್ಲ. ಊರಲ್ಲಿ ಬರ ಅಂತಾರಲ್ಲ ಎಂದು ಫೋನಿನಲ್ಲಿ ಕೇಳಿದರೆ "ತೋಟ ಉಳೀತೈತಿ, ನೀ ಓದು" ಎನ್ನುತ್ತಿದ್ದ.

ಎರಡನೇ ಗೇರು, ಸ್ಲೀವು, ಹಿತ್ತಾಳೆ ಬಳೆ, ಎರಡು ಬೇರಿಂಗು ಹೊಸದಾಗಿ ಹಾಕಬೇಕಾಯಿತು. ಫೋರ್ಕು ಬಾಗಿರಲಿಲ್ಲ, ಉಳಿಯಿತು. ದಂಡಿಯನ್ನು ಜಾಗದಲ್ಲಿ ಹಿಡಿದಿಡುವ ಸ್ಪ್ರಿಂಗು ಮತ್ತು ಗುಂಡು ಹತ್ತಿಪ್ಪತ್ತು ರೂಪಾಯಿಯ ಸಾಮಾನು; ಅವನ್ನೂ ಬದಲಿಸಿದ. ಹಳೆಯ ಬಾಕ್ಸು ಗುಜರಿಗೆ ಹಾಕಿ ಬೇರೊಂದು ಗಾಡಿಯದನ್ನು ಕೂರಿಸಿದರೆ ಅರ್ಧ ದಿನದ ಕೆಲಸವೆಂದು ಪಕ್ಕದ ಅಂಗಡಿಯವನು ಹೇಳಿದ್ದ. "ಅದರ ಹಲ್ಲು ಯಾರ ನೀರ ಹೊತ್ತೈತೋ ನಿಮಗೇನ ಗೊತ್ತು?" ಎಂದ ಮಿಸ್ತ್ರಿ. ನಾವು ಎರಡು ದಿನ ಕಾದೆವು. ಆ ಎರಡು ದಿನದ ಬಾಡಿಗೆ ಗಾಡಿಯ ಖರ್ಚನ್ನು ನನ್ನ ಫೆಲೋಶಿಪ್ಪಿನಿಂದ ಕೊಡುತ್ತೇನೆಂದಾಗ ಅಪ್ಪ ಬೇಡ ಎನ್ನಲಿಲ್ಲ.

ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಈ ಕಡೆಯ ಕೆರೆ-ಕಾಲುವೆಗಳಿಗೆ ಕೃಷ್ಣೆಯ ನೀರು ಬಂದಿದೆ. 2016ರ ಸ್ಥಿತಿ ಈಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೂ 2023ರಲ್ಲಿ ರಾಜ್ಯದಲ್ಲಿ ಮತ್ತೆ ಬರ ಘೋಷಣೆಯಾಯಿತು. ಆ ಟ್ಯಾಂಕು ನಮ್ಮ ಶೆಡ್ಡಿನ ಹಿಂದೆ ಬೋರಲು ಬಿದ್ದಿದೆ. ಕೇಳಿದವರಿಗೆ ಅಪ್ಪ ಕೊಟ್ಟಿಲ್ಲ.

ಗಾಡಿ ಹೊರಡುವ ಮುಂಚೆ ಅವನು ಎರಡನೇ ಗೇರು ಹಾಕಿ, ರೇಸ್ ಬಿಟ್ಟು, ದಂಡಿ ಜಿಗಿಯುತ್ತದೇನೋ ಎಂದು ನೋಡಿದ. ಕೂತಲ್ಲೇ ಕೂತಿತ್ತು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಿಸ್ತ್ರಿಯನ್ನು ಕೇಳಿದ: "ಎರಡ ಸಾವಿರ ಲೀಟರ ತಡೀತೈತೇನು?"

"ಸಾವಿರದ ಟ್ಯಾಂಕ ತಗೋರಿ" ಎಂದ ಮಿಸ್ತ್ರಿ. "ಕಂಠಮಟ ತುಂಬ್ರಿ, ಅರ್ಧಾ ತುಂಬಬ್ಯಾಡ್ರಿ."