ಸೂಲಂಗಿ ಬಿಡುವ ಕಾಲದ ಸೀನು

ಮಳೆ ಹೊಳವಾದ ಬೆಳಿಗ್ಗೆ, ಸೂಲಂಗಿ ಬಿಟ್ಟ ಮೆಕ್ಕೆಜೋಳದ ಸಾಲುಗಳ ನಡುವೆ ಹಾದುಬಂದರೆ ತೋಳು, ಹೆಗಲ ಮೇಲೆಲ್ಲ ಹಳದಿ ಪುಡಿ. ಶಿಕಾರಿಪುರ, ಸೊರಬದ ಕಡೆ ಆಗಸ್ಟ್ ಹೊತ್ತಿಗೆ ಇದು ಮಾಮೂಲು. ಅದೇ ಹೊತ್ತಿಗೆ ಕೆಲವರಿಗೆ ಒಂದರ ಹಿಂದೊಂದು ಸೀನು, ಕಣ್ಣುರಿ, ನೀರಿನಂತೆ ಸೋರುವ ಮೂಗು. ಮೈ ಬಿಸಿಯಿಲ್ಲ, ಆದರೂ 'ಶೀತ ಆಗಿದೆ' ಎಂದು ವಾರಗಟ್ಟಲೆ ಕಷಾಯ ಕುಡಿಯುತ್ತಾರೆ. ಶೀತವಾಗಿದ್ದರೆ ಅಷ್ಟರಲ್ಲಿ ಬಿಟ್ಟುಹೋಗಬೇಕಿತ್ತು. ಇದು ಬಹುಶಃ ಪರಾಗದ ಅಲರ್ಜಿ.

ಈ ಕಾಯಿಲೆಗೆ ಪರಾಗವೇ ಕಾರಣ ಎಂದು ತಿಳಿಯಲು ವೈದ್ಯರಿಗೂ ಬಹಳ ಕಾಲ ಹಿಡಿಯಿತು. ಲಂಡನ್ನಿನ ಜಾನ್ ಬೊಸ್ಟಾಕ್ 1819ರಲ್ಲಿ ತಮ್ಮದೇ ಮೂಗು-ಕಣ್ಣಿನ ಪಾಡನ್ನು ದಾಖಲಿಸಿದರು, ಕಾರಣ ಹೊಳೆಯಲಿಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಹುಲ್ಲಿನ ಪರಾಗವನ್ನು ತಮ್ಮ ಮೇಲೆಯೇ ಪ್ರಯೋಗಿಸಿ, ಅಂಟು ಸವರಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಆಕಾಶದ ಪರಾಗವನ್ನು ಎಣಿಸಿ 1873ರಲ್ಲಿ ಪುಸ್ತಕ ತಂದರು. ಅದೇ ವರ್ಷ ಕಲ್ಕತ್ತೆಯಲ್ಲಿ ಡಿ.ಡಿ. ಕನಿಂಗ್‌ಹ್ಯಾಂ ಅಲ್ಲಿನ ಗಾಳಿಯ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಪ್ರಕಟಿಸಿದರು. ಭಾರತದ ವಾಯುಜೀವಶಾಸ್ತ್ರ ಅಲ್ಲಿಂದ ಶುರು. 1911ರಲ್ಲಿ ಪರಾಗದ ಸಾರವನ್ನೇ ಚುಚ್ಚಿ ದೇಹವನ್ನು ಒಗ್ಗಿಸುವ ಚಿಕಿತ್ಸೆ, 1952ರಲ್ಲಿ ಗಾಳಿಯನ್ನು ಹೀರಿ ಗಂಟೆ ಗಂಟೆಯ ಲೆಕ್ಕ ಕೊಡುವ ಹರ್ಸ್ಟ್ ಯಂತ್ರ ಬಂದವು.

ಕರ್ನಾಟಕದಲ್ಲಿ ಈ ವಿದ್ಯೆಗೆ ತುರ್ತು ತಂದದ್ದು ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಪಾರ್ಥೇನಿಯಂ ಕೆಲವೇ ವರ್ಷಗಳಲ್ಲಿ ನಮ್ಮ ರಸ್ತೆಬದಿ, ಬೀಳು ಹೊಲಗಳನ್ನೆಲ್ಲ ಹಿಡಿಯಿತು. 1975ರಲ್ಲಿ ರಾಜ್ಯ ಸರ್ಕಾರ ಇದನ್ನು ಪೀಡೆಯ ಕಳೆಯೆಂದು ಘೋಷಿಸಿತು. 1984ರಲ್ಲಿ ಬೆಂಗಳೂರಿನಲ್ಲಿ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬಿಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಗಿಡದ ತುರಿಕೆಯಷ್ಟೇ ಅದರ ಪರಾಗದ ಬೆನ್ನೂ ಹತ್ತಿದರು. ಬೆಂಗಳೂರಿನ ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ 34, ಅಸ್ತಮಾದವರಲ್ಲಿ ಶೇ 12 ಮಂದಿಯ ಚರ್ಮ ಅವರ ಪರೀಕ್ಷೆಯಲ್ಲಿ ಈ ಪರಾಗಕ್ಕೆ ಉಬ್ಬಿತ್ತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್.ಎನ್. ಅಗಾಶೆಯವರು ನಗರದ ಗಾಳಿಯ ಪರಾಗವನ್ನು ವರ್ಷಾನುಗಟ್ಟಲೆ ಎಣಿಸಿದರು. ನಮ್ಮ ನಾಡಿನ ಪರಾಗ ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ದುಡಿಮೆ ಇಲ್ಲವೆಂದೇ ನನ್ನ ನಂಬಿಕೆ.

ಆದರೆ ಬೆಂಗಳೂರಿನ ಲೆಕ್ಕ ಸೊರಬಕ್ಕೆ ಹೊಂದುವುದಿಲ್ಲ. ಇಲ್ಲಿನ ಗಾಳಿ ಬೆಳೆಯ ಗಾಳಿ. ಮೆಕ್ಕೆಜೋಳದ ಪರಾಗ ದಪ್ಪ, ಭಾರ. ಬಹುಪಾಲು ಹೊಲದ ಆಸುಪಾಸಿನಲ್ಲೇ ಬೀಳುತ್ತದೆ. ಹಾಗಾಗಿ ಅದರ ಬಾಧೆ ಪೇಟೆಯವರಿಗಿಂತ ಸಾಲಿನೊಳಗೆ ಕೆಲಸ ಮಾಡುವ ಹೆಂಗಸರಿಗೆ ಹೆಚ್ಚು. ಮೆಕ್ಕೆಜೋಳವೂ ಹುಲ್ಲಿನ ಕುಲದ್ದೇ ಆದ್ದರಿಂದ ಬದುವಿನ ಹುಲ್ಲಿಗೆ ಸೀನುವವರಿಗೆ ಇದೂ ತಗಲಬಹುದು. ಬೇಸಿಗೆಗೆ ಅಡಿಕೆಯ ಸಿಂಗಾರ ಒಡೆಯುತ್ತದೆ. ಅಡಿಕೆ, ತೆಂಗಿನ ಬಳಗದ ಪರಾಗವನ್ನು ಬಂಗಾಳದ ಸಂಶೋಧಕರು ಅಲರ್ಜಿಯ ಪಟ್ಟಿಗೆ ಸೇರಿಸಿದ್ದಾರೆ. ಸುಗ್ಗಿಯಲ್ಲಿ ಭತ್ತ ಒಕ್ಕುವಾಗ ಏಳುವುದು ಪರಾಗವಲ್ಲ, ಧೂಳು ಮತ್ತು ಬೂಸ್ಟಿನ ಕಣ. ಮೂಗಿಗೆ ಎಲ್ಲವೂ ಒಂದೇ, ಚಿಕಿತ್ಸೆಗೆ ಅಲ್ಲ.

ಸದ್ಯಕ್ಕೆ ಕೈಯಲ್ಲಿರುವ ಉಪಾಯಗಳು ಸಾದಾ. ಸೂಲಂಗಿ ಉದುರುವ ವಾರಗಳಲ್ಲಿ ಮೂಗು-ಬಾಯಿಗೆ ಬಟ್ಟೆ ಕಟ್ಟುವುದು, ಮನೆಗೆ ಬಂದ ಕೂಡಲೇ ಮೈ ತೊಳೆದು ಬಟ್ಟೆ ಬದಲಿಸುವುದು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಕಾಂಗ್ರೆಸ್ ಗಿಡವನ್ನು ಹೂವಿಗೆ ಮೊದಲೇ, ಕೈಗವಸು ಹಾಕಿ ಕೀಳಬೇಕು. ಅಂಗಡಿಯ ಹಳೆಯ ಸೀನಿನ ಮಾತ್ರೆ ತೂಕಡಿಕೆ ತರುತ್ತದೆ. ಟ್ರ್ಯಾಕ್ಟರ್ ಓಡಿಸುವವರಿಗೆ ಅದು ಅಪಾಯ. ಸೆಟಿರಿಜಿನ್‌ನಂಥವು ಅದಕ್ಕಿಂತ ಮೇಲು, ಆದರೂ ಕೆಲವರಿಗೆ ಮಂಪರು ತಪ್ಪದು. ಕಾಟ ದಿನವೂ ಇದ್ದರೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಫಲಕಾರಿ. ದಿನಾ ತಪ್ಪದೆ ಹಾಕಬೇಕು, ಗುಣ ಕಾಣಲು ಕೆಲವು ದಿನ ಬೇಕು. ಎದೆ ಬಿಗಿದು ಸುಂಯ್ ಸದ್ದು ಬಂದರೆ ಮನೆಮದ್ದಿಗೆ ಕಾಯಬಾರದು.

ಒಗ್ಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೂರು ವರ್ಷವಾದರೂ ನಡೆಯುತ್ತದೆ. ತಗಲುತ್ತಿರುವ ಪರಾಗ ಯಾವುದೆಂದು ಗೊತ್ತಿಲ್ಲದೆ ಅದನ್ನು ಶುರುಮಾಡುವಂತಿಲ್ಲ. ಶಿಕಾರಿಪುರದ ಮಗ್ಗುಲಲ್ಲೇ, ಇರುವಕ್ಕಿಯಲ್ಲಿ, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಇಲ್ಲಿನ ಗಾಳಿಯ ಪರಾಗ ತಿಳಿಯಲು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮಾಳಿಗೆಗಳ ಮೇಲೆ ವರ್ಷವಿಡೀ ಅಂಟಿನ ಗಾಜು ಇಟ್ಟು ಎಣಿಸುವ ಕೆಲಸವನ್ನು ಅದು ಕೈಗೆತ್ತಿಕೊಳ್ಳಬೇಕು.