ಹೊರುವ ವಸ್ತುವಿಗೊಂದು ಒಡವೆ

ಮೊಬೈಲ್ ಚಾರ್ಜರಿನ ವೈರಿಗೆ, ಓದುವ ಮೇಜಿನ ದೀಪದ ವೈರಿಗೆ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಕಚ್ಚಿಸಿ ಪುಟ್ಟ ಗೋಪುರವನ್ನೋ ಗಿಳಿಯನ್ನೋ ರೈಲಿನ ಡಬ್ಬಿಯನ್ನೋ ಕಟ್ಟುವ ಹವ್ಯಾಸವೊಂದು ಈಚೆಗೆ ಬೆಳೆದಿದೆ. ಇದರ ಬಗ್ಗೆ ಎರಡು ಆಕ್ಷೇಪಗಳು ಸಹಜವಾಗಿ ಏಳುತ್ತವೆ. ಇದು ಹೊರಗಿನಿಂದ ಬಂದ ಶೋಕಿ ಎಂಬುದು ಒಂದು. ವೈರು ಮರೆಯಲ್ಲಿ ಇರಬೇಕಾದ ವಸ್ತು, ಅದಕ್ಕೇಕೆ ಸಿಂಗಾರ ಎಂಬುದು ಇನ್ನೊಂದು. ಇಟ್ಟಿಗೆ ಹೊರಗಿನದೇ, ಸಂಶಯವಿಲ್ಲ. ಡೆನ್ಮಾರ್ಕಿನ ಲೆಗೊ ಕಂಪನಿ ಈ ಕಚ್ಚುವ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರಲ್ಲಿ. ಆದರೆ ಭಾರವನ್ನೋ ನೀರನ್ನೋ ಬೆಳಕನ್ನೋ ಹೊರುವ ವಸ್ತುವನ್ನು ಮರೆಮಾಡದೆ ಅದಕ್ಕೇ ಒಡವೆ ತೊಡಿಸುವ ಬುದ್ಧಿ ಹೊರಗಿನದಲ್ಲ. ಮಂಡ್ಯ ಸೀಮೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಕಲ್ಲು, ಲೋಹ, ಹಬ್ಬಗಳನ್ನು ಒಟ್ಟಿಗೆ ನೋಡಿದರೆ ಅದು ಇಲ್ಲಿನ ಬಹಳ ಹಳೆಯ ನಡೆ ಎಂದು ತಿಳಿಯುತ್ತದೆ. ವೈರನ್ನು ಗೋಡೆಯೊಳಗೆ ಹೂಳುವುದೇ ಇಲ್ಲಿ ಹೊಸದು.

ಮೊದಲು ಕಲ್ಲಿನ ಸಾಕ್ಷಿ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿಯಿದೆ. ಅದರ ನವರಂಗದಲ್ಲಿ ಚಾವಣಿಯನ್ನು ಹೊತ್ತು ನಿಂತಿರುವುದು ಬಳಪದ ಕಲ್ಲಿನ ಕಂಬಗಳು. ಹೊರುವುದಷ್ಟೇ ಕೆಲಸವಾಗಿದ್ದರೆ ಒರಟು ಚೌಕದ ಕಲ್ಲೇ ಸಾಕಿತ್ತು. ಹೊಯ್ಸಳರ ಕಾಲದ ರೂವಾರಿಗಳು ಅದನ್ನು ತಿರುಗಿಸಿ ಕಡೆದು, ಗಂಟೆಯಂತೆ, ಕಲಶದಂತೆ ಬಳುಕಿಸಿ, ಬಳೆಯಂಥ ಅಂಚುಗಳನ್ನು ತೊಡಿಸಿದರು. ಆ ಕಾಲದ ಗುಡಿಗಳ ಪ್ರನಾಳದಲ್ಲೂ ಇದೇ ಬುದ್ಧಿ ಕೆಲಸ ಮಾಡಿದೆ. ಗರ್ಭಗುಡಿಯ ಅಭಿಷೇಕದ ನೀರು ಹೊರಬೀಳುವ ಬಾಯಿ ಅದು. ಒಂದು ತೂತು ಕೊರೆದರೂ ನೀರು ಹರಿಯುತ್ತಿತ್ತು. ಅದನ್ನು ಮಕರದ ಬಾಯಾಗಿಯೋ ಗೋವಿನ ಮುಖವಾಗಿಯೋ ಕಂಡರಿಸಿ ಮುಂದಕ್ಕೆ ಚಾಚಿದ್ದರಿಂದ ನೀರು ಗೋಡೆಗುಂಟ ಇಳಿಯದೆ ದೂರ ಬೀಳುತ್ತದೆ. ಅಂದರೆ ಈ ಅಲಂಕಾರ ಕೆಲಸಕ್ಕೆ ಅಂಟಿಸಿದ ಹೆಚ್ಚುವರಿಯಲ್ಲ, ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡಿಸುವ ಉಪಾಯ. ಇಂಥ ಗುಡಿಗಳು ಬಿಡಿಬಿಡಿ ತುಂಡುಗಳ ಜೋಡಣೆ ಎಂಬುದಕ್ಕೆ ನಮ್ಮ ಕಾಲದಲ್ಲೇ ಪುರಾವೆ ಸಿಕ್ಕಿದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ, ಗುರುತು ಹಾಕಿ, ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ. ಬಿಚ್ಚಿ ಜೋಡಿಸುವ ತತ್ವಕ್ಕಾಗಿ ನಾವು ಡೆನ್ಮಾರ್ಕಿನವರೆಗೆ ಹೋಗಬೇಕಾಗಿರಲಿಲ್ಲ.

ಗುಡಿಯ ಮಾತು ಬೇರೆ, ಮನೆಯ ಮಾತು ಬೇರೆ ಎಂದು ಯಾರಾದರೂ ಹೇಳಬಹುದು. ದೇವರಿಗೆ ಮಾಡಿದ ಸಿಂಗಾರವನ್ನು ಮನೆಬಳಕೆಯ ಸಾಮಾನಿಗೆ ಹೋಲಿಸುವುದು ಸರಿಯೇ ಎಂಬ ಈ ಪ್ರಶ್ನೆ ತೂಕದ್ದು. ಇದಕ್ಕೆ ಉತ್ತರ ಲೋಹದಲ್ಲಿದೆ. ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ಎರಕದ ಮೂರ್ತಿಗಳ ಜೊತೆಗೆ ಪಾತ್ರೆಪಗಡಿಯೂ ಅಲ್ಲಿ ತಯಾರಾಗುತ್ತಿತ್ತು. ಹಳೆಯ ಮೈಸೂರು ಸೀಮೆಯ ಅನುಕೂಲಸ್ಥರ ಮನೆಗಳ ಉಯ್ಯಾಲೆ ಸರಪಳಿಯನ್ನು, ತೂಗುದೀಪದ ಸರಪಳಿಯನ್ನು ಗಮನಿಸಿ. ಭಾರ ಹೊರಲು ಬರಿಯ ಕೊಂಡಿಗಳೇ ಸಾಕು. ಆದರೂ ಎರಡು ಕೊಂಡಿಗಳ ನಡುವೆ ಒಂದು ನವಿಲು, ಒಂದು ಗಿಳಿ, ಒಂದು ಆನೆ ಕೂತಿರುತ್ತದೆ. ಪ್ರತಿಯೊಂದೂ ಬೇರೆಯಾಗಿ ಎರಕ ಹೊಯ್ದು ಆಮೇಲೆ ಸರಪಳಿಗೆ ಸೇರಿಸಿದ ಬಿಡಿ ತುಂಡು. ತಾನು ಅಲಂಕಾರವಾಗಿದ್ದೂ ಮೇಲಿನ ಕೊಂಡಿಯ ಭಾರವನ್ನು ಕೆಳಗಿನದಕ್ಕೆ ದಾಟಿಸುತ್ತದೆ. ತೂಗಾಡುವ ಸರಪಳಿಗೆ ಪುಟ್ಟ ಆಕೃತಿ ಪೋಣಿಸಿದ ಆ ಕೈಗೂ ತೂಗಾಡುವ ವೈರಿಗೆ ಪುಟ್ಟ ಆಕೃತಿ ಪೋಣಿಸುವ ಇಂದಿನ ಮಗುವಿನ ಕೈಗೂ ನಡುವೆ ಅಂತರ ಬಹಳವಿಲ್ಲ.

ಅವೆಲ್ಲ ಶಾಶ್ವತ ಕಲೆ, ಮಕ್ಕಳದು ಇಂದು ಕಟ್ಟಿ ನಾಳೆ ಕಿತ್ತುಹಾಕುವ ಆಟ ಎಂಬುದು ಮುಂದಿನ ಆಕ್ಷೇಪ. ಆದರೆ ನಮ್ಮ ಸಿಂಗಾರಗಳಲ್ಲಿ ಹೆಚ್ಚಿನವು ಕಿತ್ತುಹಾಕುವಂಥವೇ. ಹೊಸಿಲಿನ ಅರಿಸಿನ ಕುಂಕುಮ, ಬಾಗಿಲಿನ ಮಾವಿನ ತೋರಣ, ಅಂಗಳದ ರಂಗೋಲಿ ಯಾವುದೂ ಉಳಿಯಲೆಂದು ಮಾಡಿದ್ದಲ್ಲ. ಇವುಗಳ ನಡುವೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು ಆಯುಧಪೂಜೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲೇ ನವರಾತ್ರಿಯ ಉತ್ಸವಕ್ಕೆ ನಾಂದಿ ಹಾಡಿದರು; ಮೈಸೂರಿನ ದಸರೆಗೆ ತವರು ಈ ಊರೇ. ಅರಸರ ಕತ್ತಿ ಗುರಾಣಿಗಳಿಗೆ ಸಲ್ಲುತ್ತಿದ್ದ ಪೂಜೆ ಜನರ ನಡುವೆ ಕುಡುಗೋಲು, ನೇಗಿಲು, ಮಗ್ಗ, ಹೊಲಿಗೆ ಯಂತ್ರ, ಲಾರಿಗಳಿಗೆ ಹಬ್ಬಿದೆ. ವಿದ್ಯುತ್ ಬಂದಾಗಲೂ ಜನ ಅದನ್ನು ಈ ಸಾಲಿನಿಂದ ಹೊರಗಿಡಲಿಲ್ಲ. 1902ರಲ್ಲಿ ಇದೇ ಮಂಡ್ಯ ಸೀಮೆಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಕಾವೇರಿಯ ಆ ಶಕ್ತಿ ಮುಂದೆ ಮನೆಗೂ ಗದ್ದೆಗೂ ಬಂದಮೇಲೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ, ಮೋಟಾರಿಗೆ, ಮನೆಯ ಮೀಟರ್ ಬೋರ್ಡಿಗೆ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂ ಏರಿದವು. ವಿದ್ಯುತ್ ಸಲಕರಣೆಗೆ ಮೊದಲ ಸಿಂಗಾರ ಮಾಡಿದವರು ಇಂದಿನ ಹವ್ಯಾಸಿಗಳಲ್ಲ, ಅದರಿಂದ ಅನ್ನ ಕಂಡವರು.

ಹಾಗಿದ್ದರೆ ವೈರನ್ನು ಕಂಡರೆ ಮುಜುಗರಪಡುವ ಅಭ್ಯಾಸ ಎಲ್ಲಿಂದ ಬಂತು? ಹಳೆಯ ಮನೆಗಳಲ್ಲಿ ವೈರು ಗೋಡೆಯ ಮೇಲೇ ಓಡುತ್ತಿತ್ತು. ಮರದ ಪಟ್ಟಿ ಹೊಡೆದು, ಅದರ ಮೇಲೆ ವೈರನ್ನು ಅಂಕುಡೊಂಕಿಲ್ಲದೆ ಎಳೆದು, ಸಮ ಅಂತರದಲ್ಲಿ ಕ್ಲಿಪ್ಪು ಬಡಿಯುತ್ತಿದ್ದರು. ಆ ಸಾಲು ನೆಟ್ಟಗಿದ್ದರೆ ಅದು ಕೆಲಸಗಾರನ ಕೈಚಳಕಕ್ಕೆ ಸಾಕ್ಷಿ. ಆಮೇಲೆ ಗೋಡೆ ಕೊರೆದು, ಪೈಪು ಹೂತು, ಗಾರೆ ಮೆತ್ತುವ ಪದ್ಧತಿ ಬಂತು. ವೈರು ಕಾಣದಿರುವುದೇ ಅಂದ ಎಂಬ ಅಭಿಪ್ರಾಯ ಅದರ ಜೊತೆಗೆ ಬಂದದ್ದು. ಅದಕ್ಕೆ ಕೆಲವು ದಶಕಗಳ ವಯಸ್ಸಷ್ಟೇ. ಅಷ್ಟರಲ್ಲಿ ಮೊಬೈಲು, ಕಂಪ್ಯೂಟರು ಬಂದು ವೈರು ಮತ್ತೆ ಗೋಡೆಯಿಂದ ಹೊರಗಿಳಿದು ಮೇಜು, ಮಂಚದ ಮೇಲೆಲ್ಲ ಹರಡಿದೆ. ಹೂಳಲಾಗದ್ದನ್ನು ಚೆಂದಗೊಳಿಸುವುದೇ ಉಳಿದ ದಾರಿ.

ಕೊನೆಯ ಆಕ್ಷೇಪ ಅಪಾಯದ್ದು, ಎಲ್ಲಕ್ಕಿಂತ ಗಟ್ಟಿಯಾದದ್ದೂ ಅದೇ. ವಿದ್ಯುತ್ತು ಕಲ್ಲಿನಂತೆ, ಹಿತ್ತಾಳೆಯಂತೆ ಸುಮ್ಮನಿರುವ ವಸ್ತುವಲ್ಲ. ಗೋಡೆಯ ಪ್ಲಗ್ಗಿಗೆ, ಬಿಸಿಯೇರುವ ಅಡಾಪ್ಟರಿಗೆ, ಮಿಕ್ಸಿ ಇಸ್ತ್ರಿಪೆಟ್ಟಿಗೆಯ ದಪ್ಪ ವೈರಿಗೆ, ಹೊದಿಕೆ ಸುಲಿದ ತಂತಿಗೆ ಯಾವ ಆಟಿಕೆಯನ್ನೂ ಕಟ್ಟಬಾರದು. ಬಿಗಿಯಾಗಿ ಹಿಸುಕುವ, ವೈರನ್ನು ಜಗ್ಗುವ ಭಾರದ ಗೊಂಬೆಯೂ ಸಲ್ಲದು. ಎಳೆಯ ಕೂಸಿರುವ ಮನೆಯಲ್ಲಿ ಬಾಯಿಗೆ ಹೋಗುವಷ್ಟು ಸಣ್ಣ ಇಟ್ಟಿಗೆ ಕೈಗೆ ಸಿಗಲೇಬಾರದು. ಹಾಗೆಂದು ಈ ಕಟ್ಟಳೆಗಳು ಪರಂಪರೆಗೆ ಎದುರಾದವಲ್ಲ, ಅದರ ಒಳಗಿನವೇ. ಮಕರದ ಬಾಯಿ ನೀರಿಗೆ ಅಡ್ಡ ನಿಲ್ಲಲಿಲ್ಲ; ಕಡೆದ ಕಂಬ ಚಾವಣಿಯನ್ನು ಬೀಳಿಸಲಿಲ್ಲ; ನವಿಲು ಕೂತ ಸರಪಳಿ ಉಯ್ಯಾಲೆಯನ್ನು ಕೈಬಿಡಲಿಲ್ಲ. ಹೊರುವ ಕೆಲಸಕ್ಕೆ ತೊಡಕಾಗದಷ್ಟೇ ಒಡವೆ ಎಂಬ ಅಳತೆಯನ್ನು ನಾಲ್ಕು ತಾಲ್ಲೂಕುಗಳ ಕುಶಲಕರ್ಮಿಗಳು ಶತಮಾನಗಳ ಕಾಲ ಪಾಲಿಸಿದ್ದಾರೆ. ಚಾರ್ಜರಿನ ತೆಳು ವೈರಿಗೆ ಸಡಿಲವಾಗಿ ಕೂರುವ ಹಗುರ ಗಿಳಿಯೊಂದನ್ನು ಕಟ್ಟಿಕೊಂಡ ಮಗುವಿಗೆ ನಾವು ಕಲಿಸಬೇಕಾದ್ದು ಆ ಅಳತೆಯನ್ನು. ಕಿತ್ತುಹಾಕು ಎಂದು ಗದರುವ ಮೊದಲು ಆ ಮಗುವನ್ನು ಹೊಸಹೊಳಲಿನ ಕಂಬದ ಮುಂದೆ ಒಮ್ಮೆ ನಿಲ್ಲಿಸಬೇಕು.